ಉಂಡು ಮಲಗಿದರೂ ಮುಗಿಯದ ಜಗಳ

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಅಂತ ನಮ್ಮ ಹಿರಿಯರು ಹೇಳಿದ್ದು ಇಬ್ಬರೂ ಒಂದೇ ಹೊತ್ತಿಗೆ ಉಣ್ಣುತ್ತಿದ್ದ ಕಾಲದಲ್ಲಿ. ಸಿಡ್ನಿ, ಮೆಲ್ಬರ್ನ್‌ಗಳ ಎಷ್ಟೋ ಮನೆಗಳಲ್ಲಿ ಒಬ್ಬರದು ಡೇ ಶಿಫ್ಟ್, ಇನ್ನೊಬ್ಬರದು ನೈಟ್ ಶಿಫ್ಟ್. ಜಗಳ ಮಾತ್ರ ಫ್ರಿಜ್ಜಿನಲ್ಲಿಟ್ಟ ಸಾರಿನ ಹಾಗೆ ಮರುದಿನಕ್ಕೂ ಉಳಿಯುತ್ತದೆ.

ನಮ್ಮ ಮನೆಯದನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಅಮ್ಮ ಹಾಸನದಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಮೊದಲ ತಿಂಗಳು ಸಂಭ್ರಮ. ಆಮೇಲೆ ಅಡಿಗೆಮನೆಯ ಡಬ್ಬಿಗಳು ಜಾಗ ಬದಲಿಸತೊಡಗಿದವು. ಅಮ್ಮನಿಗೆ ಕಾರು ಓಡಿಸಲು ಬಾರದು, ಮಾತಿಗೆ ಅಕ್ಕಪಕ್ಕದವರಿಲ್ಲ, ದಿನವಿಡೀ ಕಿಟಕಿಯೇ ಗತಿ. ನನ್ನ ಹೆಂಡತಿಗೋ, ಕೆಲಸ ಮುಗಿಸಿ ಬಂದರೆ ತನ್ನ ಮನೆಯಲ್ಲೇ ತಾನು ನೆಂಟಳು ಅನ್ನಿಸುತ್ತಿತ್ತು. ನಾನು ಇಬ್ಬರಿಗೂ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನುತ್ತಿದ್ದೆ. ಅಮ್ಮ ವಿಮಾನ ಹತ್ತಿದ ಮೇಲೂ ನಮ್ಮಿಬ್ಬರ ಮಾತು ಹಾಲು, ಬಿಲ್ಲು, ಮಗಳ ಸ್ವಿಮ್ಮಿಂಗ್ ಕ್ಲಾಸು ಇಷ್ಟಕ್ಕೇ ನಿಂತಿತ್ತು. ಒಂದು ರಾತ್ರಿ ಮಗಳು "ನೀವು ಸೆಪರೇಟ್ ಆಗ್ತೀರಾ ಅಪ್ಪ?" ಎಂದಳು. ಅವಳಿಗಾಗ ಏಳು ವರ್ಷ.

ನಿದ್ದೆ ಬರುತ್ತಿಲ್ಲವೆಂದು ಜಿ.ಪಿ. ಹತ್ತಿರ ಹೋದೆ. ಅವರು ಕೌನ್ಸೆಲಿಂಗ್ ಎಂದಾಗ ನನಗೆ ಮೊದಲು ಹೊಳೆದದ್ದು, ಯುಗಾದಿ ಕಾರ್ಯಕ್ರಮದಲ್ಲಿ ಯಾರಿಗಾದರೂ ಗೊತ್ತಾದರೆ ಹೇಗೆ ಎಂಬುದು. ಊರಲ್ಲಾಗಿದ್ದರೆ ಸೋದರಮಾವ ಬಂದು ಇಬ್ಬರಿಗೂ ಬೈದು, ಕಾಫಿ ಕುಡಿದು ಹೋಗುತ್ತಿದ್ದರು. ಇಲ್ಲಿ ಅಂಥ ಮಾವ ಎಲ್ಲಿ?

ಕೌನ್ಸೆಲರ್ ಪಂಚಾಯ್ತಿ ಮಾಡಲಿಲ್ಲ, ತಪ್ಪು ಯಾರದೆಂದೂ ಹೇಳಲಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿ, ಹಾಗೇ ತಿರುಗಿ ಹೇಳಬೇಕು, ಅಷ್ಟೆ. ಹೆಂಡತಿಯ ಮಾತನ್ನು ನಾನು ಮೂರು ಸಲ ತಪ್ಪಾಗಿ ಒಪ್ಪಿಸಿದೆ. ನಾಲ್ಕನೆಯ ಸಲಕ್ಕೆ ತಿಳಿಯಿತು, ಅವಳ ಸಿಟ್ಟು ನನ್ನ ಮೇಲೆ. ಅಮ್ಮ ಏನಾದರೂ ಅಂದಾಗಲೆಲ್ಲ ನಾನು ಎದ್ದು ಟೀವಿ ಮುಂದೆ ಹೋಗಿಬಿಡುತ್ತಿದ್ದೆನಂತೆ.

ಇನ್ನು ಉಪಯೋಗಕ್ಕೆ ಬರುವ ವಿಷಯ. ರಿಲೇಶನ್‌ಶಿಪ್ಸ್ ಆಸ್ಟ್ರೇಲಿಯಾ ಎರಡೂ ನಗರಗಳಲ್ಲಿದೆ. 2006ರ ಜುಲೈನಲ್ಲಿ ಸರ್ಕಾರ ಫ್ಯಾಮಿಲಿ ರಿಲೇಶನ್‌ಶಿಪ್ ಸೆಂಟರ್‌ಗಳನ್ನು ಆರಂಭಿಸಿತು. ಮೊದಲ 15ರಲ್ಲಿ ಸಿಡ್ನಿಯ ಪೆನ್ರಿತ್, ಮೆಲ್ಬರ್ನಿನ ಸನ್‌ಶೈನ್ ಸೇರಿದ್ದವು. ಹತ್ತಿರದ್ದು ಯಾವುದೆಂದು 1800 050 321ಕ್ಕೆ ಫೋನ್ ಮಾಡಿ ಕೇಳಬಹುದು. ಇಂಗ್ಲಿಷಿನಲ್ಲಿ ಮನಸ್ಸು ಬಿಚ್ಚಲಾಗದವರು 131 450ಕ್ಕೆ ಕರೆ ಮಾಡಿ ಕನ್ನಡದ ದುಭಾಷಿ ಬೇಕೆಂದು ಕೇಳಿ. ಫ್ಯಾಮಿಲಿ ಲಾ ಆಕ್ಟ್ ಅಡಿಯಲ್ಲಿ ಮಾನ್ಯತೆ ಪಡೆದ ಕೌನ್ಸೆಲರ್ ಮುಂದೆ ಆಡಿದ ಮಾತನ್ನು, ಮಕ್ಕಳಿಗೆ ಅಪಾಯವಿರುವಂಥ ಕೆಲವು ಸಂದರ್ಭ ಬಿಟ್ಟರೆ, ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಬೇರೆಯಾದವರು ಮಕ್ಕಳ ವಿಷಯಕ್ಕೆ ಕೋರ್ಟಿಗೆ ಹೋಗುವ ಮುಂಚೆ ಸಾಮಾನ್ಯವಾಗಿ ಸಂಧಾನಕ್ಕೆ ಪ್ರಯತ್ನಿಸಲೇಬೇಕು.

ಆದರೆ ಹೊಡೆತ, ಬೆದರಿಕೆ ಇರುವ ಮನೆಗೆ ಈ ಮಾತೊಂದೂ ಅನ್ವಯಿಸದು. ಅಲ್ಲಿ ಜೋಡಿಯಾಗಿ ಕೂತು ಮಾತಾಡುವುದೇ ಅಪಾಯ. ಹಗಲಿರುಳೂ 1800 737 732 ಇದೆ, ತುರ್ತಿಗೆ 000. ಮೆಲ್ಬರ್ನಿನಲ್ಲಿ ವಲಸೆ ಬಂದ ಹೆಣ್ಣುಮಕ್ಕಳಿಗೆಂದೇ ಇನ್‌ಟಚ್ ಸಂಸ್ಥೆಯಿದೆ. ವರದಕ್ಷಿಣೆ ಕಿರುಕುಳವೂ 2025ರ ಜೂನ್ 10ರಿಂದ ಕೌಟುಂಬಿಕ ಕಾನೂನಿನಲ್ಲಿ ಆರ್ಥಿಕ ಹಿಂಸೆಯೆಂದೇ ಹೆಸರಿಸಲ್ಪಟ್ಟಿದೆ. "ಮರ್ಯಾದೆ ಹೋಗುತ್ತೆ" ಎಂದು ಯಾರಾದರೂ ಬುದ್ಧಿ ಹೇಳಿದರೆ ಕೇಳಬೇಡಿ.

ಅಮ್ಮ ಬರುವ ಮಾರ್ಚಿಗೆ ಮತ್ತೆ ಬರುತ್ತಿದ್ದಾರೆ. ಈ ಸಲ ಟಿಕೆಟ್ ಬುಕ್ ಮಾಡುವ ಮೊದಲೇ ಮೂವರೂ ಫೋನಿನಲ್ಲಿ ಮಾತಾಡಿದೆವು. "ಅಡಿಗೆಮನೆಯಲ್ಲಿ ಒಂದು ಶೆಲ್ಫು ನಿಮ್ಮದೇ ಅತ್ತೆ" ಎಂದು ಹೆಂಡತಿಯೇ ಹೇಳಿದಳು. ಮಂಡಿ ನೋವು, ಕೆಳಗಿನದು ಬೇಡ ಎಂದು ಅಮ್ಮ ಆಗಲೇ ಚೌಕಾಸಿ ಶುರುಮಾಡಿದ್ದಾರೆ.