ಗುಂಡು, ಅರಿವೆ ಮತ್ತು ನಳಿಗೆ

1858ರಲ್ಲಿ ನಮ್ಮ ಸುರಪುರವನ್ನೂ ಮುಟ್ಟಿದ ದಂಗೆಗೆ ಕೊಬ್ಬು ಸವರಿದ ತೋಟಾಗಳೂ ಒಂದು ಕಾರಣವೆಂದು ಶ್ರೋತೃಗಳು ಓದಿರಬಹುದು. ಆ ಕೊಬ್ಬಾದರೂ ಏತಕ್ಕೆಂದು ನಾವು ವಿಚಾರಿಸುವುದು ವಿರಳ.

ಬಾಯಿಂದ ಮದ್ದು ತುಂಬುವ ರೈಫಲಿನ ನಳಿಗೆಯೊಳಗೆ ಸುರುಳಿಗೆರೆಗಳಿರುತ್ತವೆ. ಗುಂಡು ನಳಿಗೆಗಿಂತ ತುಸು ಸಣ್ಣದಿರಬೇಕು; ಉಳಿದ ಎಡೆಯನ್ನು ಎಣ್ಣೆ ಸವರಿದ ಅರಿವೆ ತುಂಬಬೇಕು. ಅರ್ಧ ಅಂಗುಲದ ನಳಿಗೆಗೆ 0.490 ಅಂಗುಲದ ಗುಂಡು, 0.015 ಅಂಗುಲ ದಪ್ಪದ ಅರಿವೆ ವಾಡಿಕೆ. ಎರಡು ಮಗ್ಗುಲೂ ಸೇರಿದರೆ 0.520 ಆಯಿತಲ್ಲ! ಆ ಹೆಚ್ಚಳವೇ ಅದುಮಿಕೊಂಡು ಗೆರೆಗಳಲ್ಲಿ ಕೂತು ಗುಂಡನ್ನು ತಿರುಗಿಸುತ್ತದೆ. ಹಾರಿಬಿದ್ದ ಅರಿವೆ ಸುಟ್ಟು ಹರಿದಿದ್ದರೆ ಬಹುಶಃ ಅದು ತೆಳುವಾಯಿತು. ದಪ್ಪ ಮಿತಿಮೀರಿ ಗುಂಡು ಮದ್ದನ್ನು ಮುಟ್ಟದೆ ನಡುವೆ ಸಿಕ್ಕಿದರೆ ನಳಿಗೆಯೇ ಸಿಡಿದೀತು.

ಎನ್‌ಫೀಲ್ಡ್ ರೈಫಲಿನಲ್ಲಿ ಅರಿವೆಯ ಕೆಲಸ ಕೊಬ್ಬಿನ ಕಾಗದದ್ದು. 0.577ರ ನಳಿಗೆಗೆ 0.568ರ ಗುಂಡು; ನಮ್ಮ ಸೆಕೆಯಲ್ಲಿ ಮದ್ದಿನ ಮಸಿ ಕಟ್ಟಿ ಅದು ಸುಲಭವಾಗಿ ಇಳಿಯದಾಯಿತು. ಗುಂಡನ್ನು 0.55ಕ್ಕೆ ಇಳಿಸಿದ್ದು 1859ರಲ್ಲಿ.