ಹಗ್ಗದ ಮೇಲೆ ನಂಬಿಕೆ, ಮರದ ಮೇಲೆ ಅನುಮಾನ

ನಿಮ್ಮಲ್ಲಿ ಇಂಗ್ಲೆಂಡ್‌ನಲ್ಲಿ ಇರೋರು ಈ ನೋಟ ನೋಡಿಯೇ ಇರ್ತೀರಿ: ರಸ್ತೆ ಬದಿಯ ದೊಡ್ಡ ಮರ, ಅದರ ನಡುವೆ ಹೆಲ್ಮೆಟ್ ಹಾಕಿಕೊಂಡು, ಗರಗಸ ಹಿಡಿದು, ಹಗ್ಗದಲ್ಲಿ ನೇತಾಡ್ತಾ ಕೆಲಸ ಮಾಡೋ ಒಬ್ಬರು. ಇಲ್ಲಿ ಇವರನ್ನು ಟ್ರೀ ಸರ್ಜನ್ ಅಂತಾರೆ, ಅಂದ್ರೆ ಮರದ ಶಸ್ತ್ರವೈದ್ಯರು.

ಜೀವಶಾಸ್ತ್ರದವರಾದ ನಾವು ಈ ಹಗ್ಗದ ಸಹವಾಸಕ್ಕೆ ಹೋಗಿದ್ದಕ್ಕೆ ಕಾರಣ ಇದೆ. ನಮ್ಮ ತಂಡಕ್ಕೆ ಆ್ಯಶ್ ಮರಗಳ ನೆತ್ತಿಯ ಎಲೆಗಳು ಬೇಕಾಗಿದ್ದವು. ನೆಲದಲ್ಲಿ ನಿಂತರೆ ಅವು ಕೈಗೆ ಸಿಗೋದಿಲ್ಲ. ಹಾಗಾಗಿ ಹತ್ತೋದನ್ನು ಕಲಿಯಬೇಕಾಯ್ತು.

ಮೊದಲ ಪ್ರಶ್ನೆ: ಕೆಳಗೆ ನಿಂತವರ ಹಗ್ಗ ಮೇಲಿನ ಕೊಂಬೆಗೆ ಹೋಗೋದು ಹೇಗೆ? ತೆಳ್ಳಗಿನ ದಾರದ ತುದಿಗೆ 300 ಗ್ರಾಂ ಆಸುಪಾಸಿನ ಪುಟ್ಟ ಚೀಲ ಕಟ್ಟಿ, ಬೇಕಾದ ಕವಲಿನ ಮೇಲೆ ಹಾದುಹೋಗುವಂತೆ ಎಸೀತಾರೆ. ತುಂಬಾ ಎತ್ತರ ಇದ್ದರೆ ಉದ್ದ ಕೋಲಿನ ದೊಡ್ಡ ಕವಣೆ ಬಳಸ್ತಾರೆ. ಚೀಲ ಆ ಕಡೆ ಇಳಿದ ಮೇಲೆ, ದಾರಕ್ಕೆ ಅಸಲಿ ಹಗ್ಗ ಕಟ್ಟಿ ಎಳೆದರೆ ಆಯ್ತು. ಆ ಹಗ್ಗ ಸಾಮಾನ್ಯವಾಗಿ 11ರಿಂದ 13 ಮಿಲಿಮೀಟರ್ ದಪ್ಪ. ಒಳಗೊಂದು ತಿರುಳು, ಹೊರಗೊಂದು ಹೆಣೆದ ಕವಚ. ಯುರೋಪಿನ ಇಎನ್ 1891 ಮಾನದಂಡದ 'ಎ' ವರ್ಗದ ಹಗ್ಗ ಕನಿಷ್ಠ 22 ಕಿಲೋನ್ಯೂಟನ್ ತಡೀಬೇಕು, ಅಂದ್ರೆ ಸುಮಾರು 2,200 ಕಿಲೋ ತೂಕದಷ್ಟು. 80 ಕಿಲೋ ಮನುಷ್ಯನಿಗೆ ಇಷ್ಟು ಯಾಕೆ ಅಂತ ನಿಮಗೆ ಅನ್ನಿಸಬಹುದು. ಗಂಟು ಹಾಕಿದಲ್ಲೇ ಹಗ್ಗದ ಶಕ್ತಿ ಕುಂದುತ್ತೆ. ಜೊತೆಗೆ ಇವು ಹೆಚ್ಚು ಹಿಗ್ಗದ ಹಗ್ಗಗಳು. ಸಡಿಲ ಬಿಟ್ಟುಕೊಂಡು ಬಿದ್ದರೆ ಒಂದೇ ಏಟಿಗೆ ಬರೋ ಜಗ್ಗು ನಮ್ಮ ತೂಕದ ಹಲವು ಪಟ್ಟು. ಅದಕ್ಕೇ 'ಹಗ್ಗ ಸಡಿಲ ಬಿಡಬೇಡಿ' ಅನ್ನೋದು ನಮಗೆ ಕಲಿಸಿದ ಮೊದಲ ಪಾಠ.

ಇನ್ನು ಈ ವಿದ್ಯೆಯ ಹೃದಯಕ್ಕೆ ಬರೋಣ: ಗಂಟು. ಹಸುವಿನ ಹಗ್ಗವನ್ನು ಗೂಟಕ್ಕೆ ಎರಡು ಮೂರು ಸುತ್ತು ಸುತ್ತಿ ತುದಿ ಹಿಡಿದರೆ, ಹಸು ಎಷ್ಟು ಎಳೆದರೂ ಚಿಕ್ಕ ಹುಡುಗನೂ ತಡೀಬಲ್ಲ. ಇಲ್ಲಿ ಘರ್ಷಣೆ ಸುತ್ತಿಗೆ ಇಷ್ಟು ಅಂತ ಕೂಡೋದಿಲ್ಲ, ಗುಣಿಸ್ತಾ ಹೋಗುತ್ತೆ. ಘರ್ಷಣಾಂಕ 0.25 ಅಂದುಕೊಳ್ಳಿ. ಒಂದು ಸುತ್ತಿಗೆ ಸುಮಾರು 5 ಪಟ್ಟು, ಎರಡಕ್ಕೆ 23 ಪಟ್ಟು, ಮೂರಕ್ಕೆ 110 ಪಟ್ಟು. ಅಂದ್ರೆ ಮೂರು ಸುತ್ತು ಇದ್ದರೆ 80 ಕಿಲೋ ತಡೆಯೋಕೆ ಒಂದು ಕಿಲೋಗಿಂತ ಕಡಿಮೆ ಹಿಡಿತ ಸಾಕು. ಮರ ಹತ್ತೋರು ಮುಖ್ಯ ಹಗ್ಗದ ಸುತ್ತ ಒಂದು ಸಣ್ಣ ಹಗ್ಗ ಸುತ್ತಿ ಗಂಟು ಹಾಕ್ತಾರೆ. ಭಾರ ಬಿದ್ದಾಗ ಅದು ಕಚ್ಚಿಕೊಳ್ಳುತ್ತೆ, ಭಾರ ತೆಗೆದು ನೂಕಿದರೆ ಜಾರುತ್ತೆ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ವಿವರಿಸಿದ ಗಂಟು ಈ ಬಳಗದ್ದೇ. ಮಲೆನಾಡಿನಲ್ಲಿ ಕಾಲಿಗೆ ತಳೆ ಹಾಕಿಕೊಂಡು ಅಡಿಕೆ ಮರ ಏರೋರು ನಂಬೋದೂ ಘರ್ಷಣೆಯನ್ನೇ.

ಆದರೆ ಘರ್ಷಣೆ ಅಂದ್ರೆ ಬಿಸಿಯೂ ಹೌದು. 80 ಕಿಲೋ ಮನುಷ್ಯ 20 ಮೀಟರ್ ಇಳಿದರೆ ಸುಮಾರು 16 ಕಿಲೋಜೂಲ್ ಶಕ್ತಿ ಶಾಖವಾಗಬೇಕು, ಅದರಲ್ಲಿ ಬಹುಪಾಲು ಗಂಟಿನ ಸುತ್ತಮುತ್ತಲೇ. ಸಿನಿಮಾದವರ ಥರ ಸರ್ರನೆ ಇಳಿದರೆ ಹಗ್ಗದ ನಾರು ಕರಗಬಹುದು. ಅದಕ್ಕೇ ಗಂಟಿನ ಹಗ್ಗದಲ್ಲಿ ಶಾಖ ತಡೆಯೋ ಅರಾಮಿಡ್ ನಾರು ಬೆರೆಸ್ತಾರೆ. ಮತ್ತೆ, ನಿಧಾನವಾಗಿ ಇಳೀತಾರೆ.

ಹತ್ತೋ ಪದ್ಧತಿ ಮುಖ್ಯವಾಗಿ ಎರಡು. ಮೊದಲನೆಯದರಲ್ಲಿ ಹಗ್ಗದ ಒಂದು ತುದಿ ನಮ್ಮ ಹಾರ್ನೆಸ್‌ಗೆ, ಅಲ್ಲಿಂದ ಮೇಲಿನ ಕವಲು ದಾಟಿ ಹಗ್ಗ ವಾಪಸ್ ನಮ್ಮ ಗಂಟಿಗೆ. ಎರಡು ಎಳೆಗಳೂ ತಲಾ ಅರ್ಧ ಭಾರ ಹೊರುತ್ತವೆ. ಒಂದು ಮೀಟರ್ ಏರೋಕೆ ಎರಡು ಮೀಟರ್ ಹಗ್ಗ ಎಳೀಬೇಕು. ಹಗ್ಗ ಓಡಾಡೋದರಿಂದ ತೊಗಟೆ ಉಜ್ಜಿಹೋಗದ ಹಾಗೆ, ಕವಲಿಗೆ ಬಳೆಗಳಿರೋ ಪಟ್ಟಿಯೊಂದನ್ನು ಹಾಕ್ತಾರೆ.

ಎರಡನೆಯದರಲ್ಲಿ ಹಗ್ಗ ಅಲುಗಾಡೋದಿಲ್ಲ, ನಾವು ಅದರ ಮೇಲೆ ಮೆಟ್ಟಿಲು ಹತ್ತಿದ ಹಾಗೆ ಏರ್ತೀವಿ. ಸುಸ್ತು ಕಡಿಮೆ. ಆದರೆ ಇಲ್ಲೊಂದು ಲೆಕ್ಕ ಇದೆ. ಹಗ್ಗದ ಇನ್ನೊಂದು ತುದಿಯನ್ನು ಮರದ ಬುಡಕ್ಕೆ ಕಟ್ಟಿದರೆ, ಕವಲಿನ ಈ ಕಡೆ 80 ಕಿಲೋ, ಆ ಕಡೆ ಅದನ್ನು ತಡೆಯೋ 80 ಕಿಲೋ. ಕವಲು ಹೊರೋದು ಹತ್ತಿರ ಹತ್ತಿರ 160! ತೊಗಟೆಯ ಘರ್ಷಣೆಯಿಂದ ಸ್ವಲ್ಪ ಕಡಿಮೆ ಆಗಬಹುದು, ಅಷ್ಟೇ. ಅದೇ ಹಗ್ಗವನ್ನು ಮೇಲೆ ಕವಲಿಗೇ ಬಿಗಿದರೆ 80 ಮಾತ್ರ. ಹತ್ತೋ ಮೊದಲು ಇಬ್ಬರು ಸೇರಿ ಹಗ್ಗಕ್ಕೆ ಜೋತುಬಿದ್ದು ಪರೀಕ್ಷಿಸೋದು ಇದಕ್ಕೇ.

ಗರಗಸ ಹಿಡಿದ ಮೇಲೆ ಎರಡು ಕಡೆ ಕಟ್ಟಿಕೊಂಡಿರಲೇಬೇಕು. ಚೈನ್‌ಸಾ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತೆ, ಬಿಗಿಯಾದ ಹಗ್ಗಕ್ಕೆ ತಾಗಿದರೆ ಕಣ್ಣು ಮಿಟುಕಿಸೋಕೂ ಸಮಯ ಇರೋದಿಲ್ಲ. ಸೊಂಟದ ಪಟ್ಟಿಯ ಒಳಗೆ ಉಕ್ಕಿನ ತಂತಿ ಇರೋದೂ ಉಂಟು. ಅದೂ ಒಂದಷ್ಟು ತಡೆಯುತ್ತೆ, ಪೂರ್ತಿ ಅಲ್ಲ. ಮೇಲಿನವರಿಗೆ ಏನಾದರೂ ಆದರೆ ತಕ್ಷಣ ಹತ್ತಿ ಇಳಿಸಬಲ್ಲ ಇನ್ನೊಬ್ಬರು ಕೆಳಗೆ ಇರಬೇಕು. ಬ್ರಿಟನ್ನಿನ 1998ರ ನಿಯಮಗಳ ಪ್ರಕಾರ ಮನುಷ್ಯರನ್ನು ಹೊರೋ ಸಾಧನಗಳನ್ನು ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ಪರಿಣತರು ಕೂಲಂಕಷವಾಗಿ ನೋಡಬೇಕು.

ಹಗ್ಗಕ್ಕೆ ಮಾನದಂಡ ಇದೆ, ಮರಕ್ಕೆ? ಬ್ರಿಟನ್ನಿನಲ್ಲಿ 2012ರಲ್ಲಿ ಪತ್ತೆಯಾದ ಆ್ಯಶ್ ಡೈಬ್ಯಾಕ್ ಶಿಲೀಂಧ್ರ ಎಲೆಯಿಂದ ರೆಂಬೆಗೆ ಇಳಿದು ಮರವನ್ನು ಒಣಗಿಸುತ್ತೆ. ಹಾಗೆ ಒಣಗಿದ ಮರ ಬಾಗೋದಿಲ್ಲ, ಹಪ್ಪಳದ ಹಾಗೆ ಮುರಿಯುತ್ತೆ. ಬುಡ ದುರ್ಬಲವಾದಾಗ ಹನಿ ಫಂಗಸ್ ಅನ್ನೋ ಇನ್ನೊಂದು ಶಿಲೀಂಧ್ರವೂ ಸೇರಿಕೊಳ್ಳುತ್ತೆ.

ನಮ್ಮ ಪಟ್ಟಿಯಲ್ಲಿ ಅಂಥದ್ದೊಂದು ಮರ ಇತ್ತು. ನೆತ್ತಿಯಲ್ಲಿ ಇನ್ನೂ ಹಸಿರಿತ್ತು, ನಮಗೆ ಆ ಎಲೆಗಳೇ ಬೇಕಿದ್ದವು. ನಮ್ಮ ಜೊತೆಗಿದ್ದ ಹಿರಿಯ ಟ್ರೀ ಸರ್ಜನ್ ಹಗ್ಗದ ಚೀಲವನ್ನೇ ಬಿಚ್ಚಲಿಲ್ಲ. ಪ್ಲಾಸ್ಟಿಕ್ ಸುತ್ತಿಗೆಯಿಂದ ಬುಡ ಬಡಿದರು. ಒಂದು ಕಡೆ ಟೊಳ್ಳು ಸದ್ದು. ಅಲ್ಲಿ ಸಡಿಲವಾಗಿದ್ದ ತೊಗಟೆ ಎತ್ತಿದರೆ ಒಳಗೆ ಶೂ ಲೇಸಿನಂಥ ಕಪ್ಪು ಎಳೆಗಳು. "ಇದನ್ನ ನಾನು ಹತ್ತಲ್ಲ, ನಿಮ್ಮನ್ನೂ ಹತ್ತಿಸಲ್ಲ" ಅಂದರು. ಬಕೆಟ್ ಲಿಫ್ಟ್ ತರೋಣ ಅಂದ್ರೆ ಆ ಕೆಸರಿನಲ್ಲಿ ವಾಹನ ಬರೋ ಹಾಗಿರಲಿಲ್ಲ. ಆ ಮರದ ಮಾದರಿ ನಮಗೆ ಸಿಗಲೇ ಇಲ್ಲ, ನಮ್ಮ ಕೋಷ್ಟಕದಲ್ಲಿ ಒಂದು ಸಾಲು ಇವತ್ತಿಗೂ ಖಾಲಿ. ಶಿಲೀಂಧ್ರದ ಬಗ್ಗೆ ಅಷ್ಟೆಲ್ಲ ಓದಿದ್ದ ನಾವು ನೆತ್ತಿ ನೋಡ್ತಾ ನಿಂತಿದ್ವಿ, ಅವರು ಬುಡ ನೋಡಿದ್ರು.

ಕೊನೆಯದಾಗಿ, ನಿಮ್ಮ ಹಿತ್ತಲ ಮರದ ಕೊಂಬೆ ಸವರೋಕೆ ಯಾರನ್ನಾದರೂ ಕರೆದರೆ ಒಂದು ವಿಷಯ ಗಮನಿಸಿ. ಬೂಟಿಗೆ ಕಬ್ಬಿಣದ ಮೊಳೆ ಕಟ್ಟಿಕೊಂಡು ಏರೋದು ಕಡಿದು ಹಾಕಬೇಕಾದ ಮರಕ್ಕೆ ಸರಿ. ಉಳಿಸಿಕೊಳ್ಳೋ ಮರಕ್ಕೆ ಪ್ರತಿ ಚುಚ್ಚೂ ಒಂದು ಗಾಯ. ನಮ್ಮ ಚರ್ಮದ ಹಾಗೆ ಮರ ಗಾಯ ಮಾಯಿಸೋದಿಲ್ಲ, ಸುತ್ತ ಗೋಡೆ ಕಟ್ಟಿ ಮುಚ್ಚಿಡುತ್ತೆ, ಅಷ್ಟೇ. ಬಂದವರು ಹತ್ತೋ ಮೊದಲು ಮರದ ಸುತ್ತ ಒಂದು ಸುತ್ತು ಬಂದು ಬುಡ ನೋಡಿದರೆ, ಸರಿಯಾದವರನ್ನೇ ಕರೆದಿದ್ದೀರಿ ಅಂತ ಅರ್ಥ.