ಹಿಟ್ಟೋ, ರವೆಯೋ, ನುಚ್ಚೋ? ಕಾಫಿಪುಡಿಯ ಹದ

ಹುಬ್ಬಳ್ಳಿಯಿಂದ ಲೋಂಡಾಕ್ಕೆ ಹೋಗುವ ರೈಲುದಾರಿಯಲ್ಲಿ ಧಾರವಾಡ ದಾಟಿದ ಮೇಲೆ ಸಿಗುವ ಜಂಕ್ಷನ್ ಅಳ್ನಾವರ. ದಾಂಡೇಲಿಯ ಕವಲು ಒಡೆಯುವುದು ಇಲ್ಲಿಂದಲೇ. ಊರಿಗೆ ಮಲೆನಾಡಿನ ಸೆರಗು ತಾಕಿದ್ದರೂ ಧಾರವಾಡ ಸೀಮೆಯ ರೂಢಿಯಂತೆ ಇಲ್ಲಿಯೂ ಮೊದಲ ಮರ್ಯಾದೆ ಚಹಾಕ್ಕೇ. ಮೈಸೂರು ಕಡೆಯ ಬೀಗರು ಬಂದಾಗ ಮಾತ್ರ ಕಾಫಿಪುಡಿಯ ಪೊಟ್ಟಣ ಹೊರಬರುತ್ತದೆ. ಚಹಾಪುಡಿಯಂತೆ ಅದನ್ನೂ ನೀರಿಗೆ ಸುರಿದು ಕುದಿಸಿದರೆ ಕಾಫಿ ಕಹಿಯಾಗುತ್ತದೆ, ಬೀಗರು ಅರ್ಧ ಲೋಟ ಉಳಿಸುತ್ತಾರೆ, ಬೈಗುಳ ಪುಡಿ ಮಾರಿದವನ ಪಾಲಾಗುತ್ತದೆ. ತಪ್ಪು ಪುಡಿಯದಲ್ಲ. ಪುಡಿಯ ಹದಕ್ಕೂ ಮಾಡುವ ವಿಧಾನಕ್ಕೂ ಹೊಂದಿಕೆ ಆಗದಿರುವುದೇ ಅದರ ಕಾರಣ.

ಈ ಹೊಂದಿಕೆ ನಮ್ಮ ಹೆಣ್ಣುಮಕ್ಕಳಿಗೆ ಹೊಸದೇನಲ್ಲ. ಗಿರಣಿಗೆ ಜೋಳ ಕಳಿಸುವಾಗ ರೊಟ್ಟಿಗೆ ಹಿಟ್ಟು, ಅಂಬಲಿಗೆ ನುಚ್ಚು ಎಂದು ಹೇಳಿಯೇ ಕಳಿಸುತ್ತಾರೆ. ನುಚ್ಚು ಬೇಯಲು ಹೊತ್ತು ಬೇಕು, ಹಿಟ್ಟಿಗೆ ಬೇಡ. ಕಾಫಿಯ ಲೆಕ್ಕವೂ ಇದೇ. ಬೀಜವನ್ನು ಸಣ್ಣಗೆ ಒಡೆದಷ್ಟೂ ನೀರು ತಾಕುವ ಮೈ ಹೆಚ್ಚುತ್ತದೆ, ಸಾರ ಬೇಗ ಬಿಡುತ್ತದೆ. ಮೊದಲು ಹೊರಬರುವುದು ಹುಳಿ, ಆಮೇಲೆ ಸಿಹಿ, ಕೊನೆಗೆ ಕಹಿ. ಆದ್ದರಿಂದ ನೀರು ಪುಡಿಯೊಡನೆ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ನೋಡಿ ಹದ ಆರಿಸಬೇಕು. ಹೊತ್ತು ಕಡಿಮೆಯಿದ್ದರೆ ಪುಡಿ ನುಣ್ಣಗಿರಲಿ, ಹೆಚ್ಚಿದ್ದರೆ ತರಿಯಾಗಿರಲಿ.

ಎಲ್ಲಕ್ಕಿಂತ ನುಣುಪು ತುರ್ಕಿ ಕಾಫಿಯ ಪುಡಿ, ಮೈದಾದಂತೆ. ಅಲ್ಲಿ ಸೋಸುವ ಪದ್ಧತಿಯೇ ಇಲ್ಲ. ಸಣ್ಣ ಪಾತ್ರೆಯಲ್ಲಿ ನೊರೆ ಉಕ್ಕುವವರೆಗೆ ಕಾಯಿಸಿ, ಗಷ್ಟು ತಳಕ್ಕೆ ಇಳಿದ ಮೇಲೆ ಕುಡಿಯುತ್ತಾರೆ. ಅದಕ್ಕಿಂತ ಒಂದು ಕೂದಲೆಳೆ ತರಿಯಾದದ್ದು ಇಟಲಿಯ ಎಸ್ಪ್ರೆಸೊ ಪುಡಿ. ಯಂತ್ರವು ವಾತಾವರಣದ ಸುಮಾರು 9 ಪಟ್ಟು ಒತ್ತಡದಲ್ಲಿ ಬಿಸಿನೀರನ್ನು ನೂಕಿ 25-30 ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ. ನಮ್ಮ ಮದುವೆ ಮನೆಗಳಲ್ಲಿ ಹಬೆಯ ಯಂತ್ರದಿಂದ ಬುರುಗು ಬರಿಸಿ ಕೊಡುವ ‘ಎಸ್ಪ್ರೆಸೊ’ ಬೇರೆಯೇ ವಸ್ತು. ಅದಕ್ಕೆ ಸಾಮಾನ್ಯವಾಗಿ ಬಳಸುವುದು ಇನ್‌ಸ್ಟಂಟ್ ಪುಡಿ. ಅದು ಪೂರ್ತಿ ಕರಗುವುದರಿಂದ ಹದದ ಪ್ರಶ್ನೆಯೇ ಇಲ್ಲ, ಅದನ್ನು ಫಿಲ್ಟರಿಗೆ ಹಾಕುವುದೂ ವ್ಯರ್ಥ.

ನಮ್ಮ ಹಿತ್ತಾಳೆ ಅಥವಾ ಸ್ಟೀಲಿನ ಫಿಲ್ಟರ್ ನಡುವಿನ ದಾರಿ ಹಿಡಿಯುತ್ತದೆ. ನೀರು ತನ್ನ ಭಾರದಿಂದಲೇ ಹನಿಹನಿಯಾಗಿ ಇಳಿಯಲು ಹತ್ತು ಹದಿನೈದು ನಿಮಿಷ ಬೇಕು. ಇದಕ್ಕೆ ಚಿರೋಟಿ ರವೆಗಿಂತ ತುಸು ನುಣುಪಾದ ಪುಡಿ ಸರಿ. ಹಿಟ್ಟಿನಂತಿದ್ದರೆ ತೂತುಗಳು ಕಟ್ಟಿ ನೀರು ಮೇಲೆಯೇ ನಿಲ್ಲುತ್ತದೆ. ದಪ್ಪ ರವೆಯಂತಿದ್ದರೆ ನೀರು ಸರ್ರನೆ ಇಳಿದು ಡಿಕಾಕ್ಷನ್ ತೆಳ್ಳಗಾಗುತ್ತದೆ. ಬಟ್ಟೆಯಲ್ಲಿ ಸೋಸುವವರಿಗೆ ಇನ್ನಷ್ಟು ತರಿ ಬೇಕು. ಪುಡಿಯನ್ನು ನಾಲ್ಕು ನಿಮಿಷ ಬಿಸಿನೀರಿನಲ್ಲಿ ನೆನೆಸಿ, ಜಾಲರಿಯಿಂದ ಕೆಳಕ್ಕೆ ಒತ್ತುವ ಫ್ರೆಂಚ್ ಪ್ರೆಸ್‌ಗಂತೂ ನುಚ್ಚಿನಂಥ ಪುಡಿಯೇ ಆಗಬೇಕು.

ಇಲ್ಲಿ ಚಿಕೋರಿಯ ಮಾತನ್ನೂ ಹೇಳಬೇಕು. ಹುರಿದು ಪುಡಿಮಾಡಿದ ಈ ಬೇರಿನಲ್ಲಿ ಕೆಫೀನ್ ಇಲ್ಲ. ನೀರಿನಲ್ಲಿ ಕಾಫಿಗಿಂತ ಹೆಚ್ಚು ಕರಗುವುದರಿಂದ ಬಣ್ಣ ಗಾಢವಾಗುತ್ತದೆ. ಹದ ತಪ್ಪಿ ಸಾರ ಇಳಿಯದ ಕಾಫಿಯೂ ಚಿಕೋರಿಯ ದಯದಿಂದ ಕಪ್ಪಗೆ ಕಾಣಬಹುದು. ಬಣ್ಣ ನೋಡಿ ಮೋಸಹೋಗಬಾರದು. ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕೆಂಬುದು ನಿಯಮ. ಪ್ರಮಾಣವನ್ನು ಪೊಟ್ಟಣದ ಮೇಲೆ ಓದಿ ಕೊಳ್ಳಬಹುದು.

ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ 17ನೇ ಶತಮಾನದ್ದು. ಇಂದು ದೇಶದ ಕಾಫಿಯಲ್ಲಿ ಸುಮಾರು ಶೇ 70 ಭಾಗ ಕರ್ನಾಟಕದ್ದೇ. ಬಾಳೆಹೊನ್ನೂರಿನಲ್ಲಿ ಅದಕ್ಕಾಗಿ ಸಂಶೋಧನಾ ಕೇಂದ್ರವೇ ಇದೆ. ಬೆಳೆಗಾರ ವರ್ಷವಿಡೀ ಕಾಪಾಡಿದ ರುಚಿ ಕೊನೆಯ ಐದು ನಿಮಿಷದಲ್ಲಿ, ನಮ್ಮ ಒಲೆಯ ಮೇಲೆ ಹಾಳಾಗುವುದು ನ್ಯಾಯವಲ್ಲ.

ಹಾಗಾಗಿ ಅಂಗಡಿಯಲ್ಲಿ ‘ಕಾಫಿಪುಡಿ ಕೊಡ್ರಿ’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ‘ಫಿಲ್ಟರಿಗೆ’ ಅಥವಾ ‘ಬಟ್ಟೆಯಲ್ಲಿ ಸೋಸಲಿಕ್ಕೆ’ ಎಂದು ಸೇರಿಸಿ. ಪುಡಿಯಾದ ಮೇಲೆ ಪರಿಮಳ ಬೇಗ ಹಾರಿಹೋಗುವುದರಿಂದ ಹದಿನೈದು ದಿನಕ್ಕಾಗುವಷ್ಟೇ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಕಾಫಿ ಕಹಿಯಾದರೆ ಮುಂದಿನ ಸಲ ತುಸು ತರಿ ಕೇಳಿ, ನೀರುನೀರಾದರೆ ತುಸು ನುಣುಪು. ಎರಡು ಮೂರು ಸಲಕ್ಕೆ ಹದ ಕೈಗೆ ಹತ್ತುತ್ತದೆ. ಬೀಗರು ಲೋಟ ಖಾಲಿ ಮಾಡಿ ಇಟ್ಟರೆ ಹದ ಸರಿಯಾಯಿತೆಂದೇ ತಿಳಿಯಿರಿ.